ಬಿಳಿ ಪ್ಲಗ್ಗು

ಸ್ಟುಟ್‌ಗಾರ್ಟಿಗೆ ಕೆಲಸಕ್ಕೆ ಅಂತ ಬಂದು ಎರಡು ವರ್ಷ ಆಯ್ತು. ಪಕ್ಕದ ಮನೆ ಅಜ್ಜನ ಗ್ಯಾರೇಜಲ್ಲಿ 1970ರ ಪೋರ್ಷೆ 911 ಟಿ ಒಂದಿದೆ. ಇದೇ ಊರಿನ ತ್ಸುಫೆನ್‌ಹೌಸನ್ನಿನಲ್ಲಿ ಹುಟ್ಟಿದ ಕಾರು. ಹೋದ ತಿಂಗಳು ಒಂದು ಭಾನುವಾರ ಅದರ ಹಿಂದಿನ ಮುಚ್ಚಳ ಎತ್ತಿ ತೋರಿಸಿ, "ನೀವು ಇಂಜಿನಿಯರ್ ಅಲ್ವಾ? ಯಾವ ಕಾರ್ಬುರೇಟರ್ ಹಾಕಲಿ ಹೇಳಿ" ಅಂದ್ರು.

ನಾನು ಓದಿದ್ದು ಮೆಕ್ಯಾನಿಕಲ್, ಬರೆಯೋದು ಜಾವಾ. (ಮೈಸೂರಿನ ಬೈಕ್ ಅಲ್ಲ ಮಾರಾಯ್ರೇ, ಕೋಡು!) ಆದ್ರೆ ನಾನು ಬೆಚ್ಚಿದ್ದು ಅದಕ್ಕಲ್ಲ. ಕಾರ್ಬುರೇಟರ್ ವಿಷಯದಲ್ಲಿ ನಂದೊಂದು ಹಳೇ ಪಾಪ ಇದೆ. ಅದನ್ನ ಆಮೇಲೆ ಹೇಳ್ತೀನಿ.

ಅಜ್ಜನ ಮುಂದೆ ಮೂರು ದಾರಿ ಇತ್ತು. ಕಾರಿನ ಜೊತೆ ಬಂದ ಜೆನಿತ್ 40 ಟಿಐಎನ್‌ಗಳನ್ನೇ ರಿಪೇರಿ ಮಾಡಿಸೋದು. ಇಲ್ಲಾ, ಎಲ್ಲರೂ ಹೊಗಳೋ ಹಳೇ ವೆಬರ್ 40 ಐಡಿಎ ಹುಡುಕೋದು. 1966ರಲ್ಲಿ ಪೋರ್ಷೆಯವರೇ 911ರ ಸೋಲೆಕ್ಸ್ ಕಿತ್ತು ವೆಬರ್ ಹಾಕಿದ್ರು. ಅದೂ ಬೇಡ ಅಂದ್ರೆ ಅಮೆರಿಕದ ಪಿಎಂಒದವರ ಹೊಸದು, 46 ಮಿ.ಮೀ. ಅಜ್ಜನ ಮನಸ್ಸು 46ರ ಮೇಲೆ. ದೊಡ್ಡದು ಹಾಕಿದ್ರೆ ಗಾಡಿ ಹಾರುತ್ತೆ ಅಂತ!

ಆದ್ರೆ ಕಾರ್ಬುರೇಟರ್ ಕೆಲಸ ಮಾಡೋದು ಅದರ ಸೊಂಟದಲ್ಲಿ. ವೆಂಚುರಿ ಅಂತೀವಲ್ಲ, ಅಲ್ಲಿ. ಗಾಳಿ ಅಲ್ಲಿ ಕಿರಿದಾಗಿ ಓಡುವಾಗ ಒತ್ತಡ ಕಡಿಮೆಯಾಗಿ ಪೆಟ್ರೋಲು ಮೇಲೆ ಬರುತ್ತೆ. 28 ಮಿ.ಮೀ. ಇದ್ದ ಸೊಂಟ 34 ಆಯ್ತು ಅಂದ್ಕೊಳ್ಳಿ. ಜಾಗ ಸುಮಾರು ಒಂದೂವರೆ ಪಟ್ಟು, ಅಷ್ಟೇ ಗಾಳಿಗೆ ವೇಗ ಮೂರನೇ ಎರಡು ಭಾಗ, ಪೆಟ್ರೋಲು ಎಳೆಯೋ ಶಕ್ತಿ ಅರ್ಧಕ್ಕಿಂತ ಕಡಿಮೆ. ರೇಸಿನಲ್ಲಿ ಏಳು ಸಾವಿರ ಆರ್‌ಪಿಎಂ ಓಡಿಸೋರಿಗೆ ಸರಿ. ಅಜ್ಜ ಓಡಿಸೋದು ಭಾನುವಾರ, ಅಜ್ಜಿ ಜೊತೆ, ಬೇಕರಿ ತನಕ! ಟಿ ಅಂದ್ರೆ 125 ಕುದುರೆಯ ಸಾಧು ಇಂಜಿನ್ನು. ಇರೋ 2195 ಸಿಸಿಯನ್ನ ಆರು ಸಿಲಿಂಡರ್ ಹಂಚಿಕೊಂಡ್ರೆ ತಲಾ 366 ಸಿಸಿ. ಅಷ್ಟು ಪುಟ್ಟ ಹೊಟ್ಟೆಗೆ ಅಷ್ಟು ದೊಡ್ಡ ಬಾಯಿ ಯಾಕೆ?

ಜೆನಿತ್ ಬಿಚ್ಚಿ ನೋಡಿದ್ವಿ. ಥ್ರಾಟಲ್ ಶಾಫ್ಟ್ ಸವೆದು ಲೊಡಲೊಡ ಅಂತಿತ್ತು. ಆ ಸಂದಿಯಿಂದ ಕಳ್ಳಗಾಳಿ ನುಗ್ಗಿ ಪೆಟ್ರೋಲಿನ ಪಾಲು ತೆಳು ಆಗ್ತಿತ್ತು. ರೇಡಿಯೇಟರ್ ಇಲ್ಲದ, ಫ್ಯಾನಿನ ಗಾಳಿಯಲ್ಲೇ ತಣ್ಣಗಾಗೋ ಇಂಜಿನ್ನಿಗೆ ಹಾಗಾದ್ರೆ ಕಷ್ಟ. ಬಿಸಿ ಏರುತ್ತೆ.

ಫ್ಯಾನಿನ ಗಾಳಿ ಅಂದ ಕೂಡ್ಲೇ ನಂಗೆ ಅಪ್ಪನ ಚೇತಕ್ ನೆನಪಾಯ್ತು. ಅದೂ ಹಾಗೇ ತಣ್ಣಗಾಗೋ ಗಾಡಿ. ಬೆಳಿಗ್ಗೆ ಒಂದು ಪಕ್ಕಕ್ಕೆ ಮಲಗಿಸಿ, ಎತ್ತಿ, ಚೋಕ್ ಎಳೆದು ಕಿಕ್ ಹೊಡೀತಿದ್ರು. ನಾನು ಇಂಜಿನಿಯರಿಂಗ್ ಮೂರನೇ ವರ್ಷ, ಎಲ್ಲಾ ಗೊತ್ತು ಅನ್ನೋ ವಯಸ್ಸು. ಮೈಲೇಜ್ ಜಾಸ್ತಿ ಮಾಡ್ತೀನಿ ಅಂತ ಅಪ್ಪನಿಗೆ ಹೇಳದೇ ಮೇನ್ ಜೆಟ್ ತೆಗೆದು ಸಣ್ಣದು ಹಾಕಿದ್ದೆ. ಟೂ ಸ್ಟ್ರೋಕ್ ಗಾಡಿಯಲ್ಲಿ ಆಯಿಲ್ ಬರೋದೂ ಪೆಟ್ರೋಲಿನ ಜೊತೆಗೇ ಅನ್ನೋದು ತಲೆಗೆ ಹೊಳೆದೇ ಇರಲಿಲ್ಲ. ಹತ್ತೇ ದಿನ. ಅಪ್ಪ ಹಾಸನದಿಂದ ಬರುವಾಗ ಪಿಸ್ಟನ್ ಸೀಜ್ ಆಯ್ತು. ಮೂರು ಕಿಲೋಮೀಟರ್ ತಳ್ಳಿಕೊಂಡು ಬಂದ್ರು. "ವಯಸ್ಸಾಯ್ತು ಬಿಡು ಗಾಡಿಗೆ" ಅಂತ ಗುಜರಿಗೆ ಕೊಟ್ರು. ನಾನು ಬಾಯಿ ಬಿಡಲಿಲ್ಲ.

ಅಜ್ಜನಿಗೆ ಹೇಳಿದೆ, "ದೊಡ್ಡದು ಬೇಡ. ಇದಕ್ಕೇ ಹೊಸ ಬುಶ್ ಹಾಕಿಸಿ." ಒಪ್ಪಿದ್ರು. ಹೋದ ಶನಿವಾರ ಇಬ್ಬರೂ ಕೂತು, ಗಾಳಿ ಅಳೆಯೋ ಮೀಟರನ್ನ ಒಂದೊಂದೇ ಬಾಯಿಗೆ ಇಟ್ಟು, ಆರೂ ಒಂದೇ ಸಮ ಉಸಿರಾಡೋ ಹಾಗೆ ಮಾಡಿದ್ವಿ. ಒಂದು ಸುತ್ತು ಹೋಗಿ ಬಂದು ಪ್ಲಗ್ ಬಿಚ್ಚಿದ್ರೆ ತಿಳಿ ಕಾಫಿ ಬಣ್ಣ. ಅಜ್ಜ ಮಗು ಥರ ನಕ್ಕರು.

ಅವತ್ತು ರಾತ್ರಿ ಅಪ್ಪನಿಗೆ ಫೋನ್ ಮಾಡಿ ಎಲ್ಲಾ ಹೇಳಿಬಿಟ್ಟೆ. ಜೆಟ್ಟಿನ ವಿಷಯಾನೂ. ಆ ಕಡೆ ಸ್ವಲ್ಪ ಹೊತ್ತು ಸದ್ದೇ ಇಲ್ಲ.

"ಗೊತ್ತಿತ್ತು ಕಣೋ" ಅಂದ್ರು. "ಅವತ್ತು ರೋಡಲ್ಲೇ ಪ್ಲಗ್ ಬಿಚ್ಚಿ ನೋಡಿದ್ನಲ್ಲ. ಸುಣ್ಣದ ಹಾಗೆ ಬಿಳೀ ಆಗಿತ್ತು."

ಆಮೇಲೆ ಕೇಳಿದ್ರು, "ಆ ಅಜ್ಜನ ಗಾಡಿ ಪ್ಲಗ್ ಯಾವ ಬಣ್ಣ ಇತ್ತು ಅಂದೆ?"