ಮೋಡದಲ್ಲಿಟ್ಟ ಗಂಟು

ಮೋಡ ಎಂದೊಡನೆ ನಮ್ಮ ಕಾಲದಲ್ಲಿ ಬಿ.ಎ.ಗೆ ಇಂಗ್ಲಿಷ್ ತೆಗೆದುಕೊಂಡವರಿಗೆ ನೆನಪಾಗುವವನು ವರ್ಡ್ಸ್‌ವರ್ತ್. ಮನೆಯಲ್ಲಿ ಸ್ವಲ್ಪ ಸಂಸ್ಕೃತದ ಗಾಳಿ ಇದ್ದವರಿಗಾದರೆ ಕಾಳಿದಾಸನ ಯಕ್ಷ. ರಾಮಗಿರಿಯಲ್ಲಿ ಕುಳಿತು ಅಲಕಾಪುರಿಯ ಹೆಂಡತಿಗೆ ಮೋಡದ ಮೂಲಕ ಸಂದೇಶ ಕಳಿಸಿದ ಆ ವಿರಹಿ, ತನ್ನ ಹತ್ತಿರ ಅದರ ನಕಲೊಂದನ್ನು ಇಟ್ಟುಕೊಂಡಿದ್ದನೇ? ಕಾಲೇಜಿನಲ್ಲಿ ಈ ಪ್ರಶ್ನೆ ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ. ಈಗ ಐವತ್ತಾರರ ವಯಸ್ಸಿನಲ್ಲಿ, ಒಗ್ಗರಣೆ ಸೌಟಿಗೂ ಕೀಲಿಮಣೆಗೂ ನಡುವೆ ಓಡಾಡುವಾಗ, ಆಗಾಗ ಹೊಳೆಯುತ್ತದೆ.

ಈ ಪತ್ರಿಕೆಯ ಕಿರಿಯ ಓದುಗರಾದ ನಿಮಗೆ ‘ಕ್ಲೌಡ್’ ಹೊಸದಲ್ಲ ಬಿಡಿ. ಡೊಂಬಿವಲಿಯಲ್ಲೋ ಬೊರಿವಲಿಯಲ್ಲೋ ಹುಟ್ಟಿ, ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ, ಕಚೇರಿಯಲ್ಲಿ ಇಂಗ್ಲಿಷ್ ಎಂದು ಮೂರು ಚಪ್ಪಲಿ ಬದಲಿಸಿ ನಡೆಯುವ ನೀವು, ಫೋನಿನಲ್ಲಿ ಶುರುಮಾಡಿದ ಕೆಲಸವನ್ನು ಲ್ಯಾಪ್‌ಟಾಪಿನಲ್ಲಿ ಮುಗಿಸುವವರು. ಅಮ್ಮಂದಿರಿಗೆ ಹೇಳಿಕೊಡುವವರೂ ನೀವೇ, ಹೇಳಿಕೊಡುವಾಗ ತಾಳ್ಮೆ ಕಳೆದುಕೊಳ್ಳುವವರೂ ನೀವೇ! ಆದರೂ ಈ ವಿಷಯದಲ್ಲಿ ಒಂದೆರಡು ಮಾತು ಹೇಳುವ ಅಧಿಕಾರ ನನಗೂ ಬಂದಿದೆ. ಅದು ಬಂದದ್ದು ಹದಿನೇಳು ಅಧ್ಯಾಯಗಳಿಂದ.

ಮೊದಲು ಮೋಡದ ವಿಚಾರ ಹೇಳಿಬಿಡುತ್ತೇನೆ. ಅದು ಆಕಾಶದಲ್ಲಿಲ್ಲ. ನನ್ನ ಮಗಳು ದಿನವೂ ಠಾಣೆಯಲ್ಲಿ ಗಾಡಿ ಬದಲಿಸಿ ಐರೋಲಿಗೆ ಕೆಲಸಕ್ಕೆ ಹೋಗುತ್ತಾಳೆ. ಅಲ್ಲಿ ಕಿಟಕಿಗಳೇ ಇಲ್ಲವೆನ್ನಬಹುದಾದ ದೊಡ್ಡ ದೊಡ್ಡ ಕಟ್ಟಡಗಳಿವೆ. ಒಳಗೆ ಸಾಲು ಸಾಲು ಕಂಪ್ಯೂಟರುಗಳು, ಅವುಗಳನ್ನು ತಂಪಾಗಿಡಲು ಹಗಲಿರುಳು ಓಡುವ ಯಂತ್ರಗಳು. ಅಮೆಜಾನ್ 2016ರಲ್ಲಿ, ಗೂಗಲ್ 2017ರಲ್ಲಿ ಮುಂಬಯಿ ವಲಯದಲ್ಲೇ ಇಂಥ ಕೇಂದ್ರಗಳನ್ನು ತೆರೆದವು. ಮೈಕ್ರೋಸಾಫ್ಟ್ ಅದಕ್ಕೂ ಮುಂಚೆ, 2015ರಲ್ಲಿ, ಪುಣೆ, ಮುಂಬಯಿ, ಚೆನ್ನೈಗಳಲ್ಲಿ. ಹಾಗೆಂದು ನಿಮ್ಮ ಮದುವೆಯ ಫೋಟೋ ಐರೋಲಿಯಲ್ಲೇ ಇದೆ ಎಂದು ಭಾವಿಸಬೇಡಿ. ಅದು ಸಿಂಗಪುರದಲ್ಲೂ ಇರಬಹುದು. ಒಟ್ಟಿನಲ್ಲಿ ಮೋಡವೆಂದರೆ ಬೇರೆಯವರ ಮನೆಯ ಗಟ್ಟಿ ಕಪಾಟು, ಅದರ ಒಂದು ಕೀಲಿ ನಮ್ಮ ಕೈಯಲ್ಲಿ.

ಇನ್ನು ಹದಿನೇಳು ಅಧ್ಯಾಯಗಳ ಕಥೆ.

ನಮ್ಮ ಸೊಸೈಟಿಯಲ್ಲಿ, ನಮ್ಮ ಮನೆಯಿಂದ ಎರಡು ಕಟ್ಟಡ ಆಚೆ, ಒಬ್ಬ ಅಜ್ಜ ಇದ್ದರು. ಉಡುಪಿ ಕಡೆಯವರು. 1955ರಲ್ಲಿ, ಹದಿಮೂರರ ಹುಡುಗನಾಗಿ ಮುಂಬಯಿಗೆ ಬಂದು, ಫೋರ್ಟಿನ ಹೋಟೆಲೊಂದರಲ್ಲಿ ಲೋಟ ತೊಳೆಯುತ್ತ, ರಾತ್ರಿ ಕನ್ನಡ ಶಾಲೆಯಲ್ಲಿ ಓದಿ, ಮೆಟ್ರಿಕ್ ದಾಟಿ, ಬ್ಯಾಂಕಿನ ಗುಮಾಸ್ತರಾಗಿ ನಿವೃತ್ತರಾದವರು. ಇಂಥ ಅಜ್ಜಂದಿರು ನಿಮ್ಮಲ್ಲಿ ಹಲವರ ಮನೆಯಲ್ಲಿ ಇದ್ದಿರಬಹುದು. ಈ ಅಜ್ಜ ಬರೆದಿಡುವವರು. ಕಾಲೀನಾದಲ್ಲಿ ನೆಲಮಾಳಿಗೆಯ ಮನೆಯಲ್ಲಿದ್ದಾಗ ಅವರ ಹತ್ತಿರ ಒಂದು ಟ್ರಂಕು ತುಂಬ ನೋಟುಬುಕ್ಕುಗಳಿದ್ದವಂತೆ: ರಾತ್ರಿ ಶಾಲೆಯ ಟಿಪ್ಪಣಿ, ತಿಂಗಳ ಖರ್ಚಿನ ಲೆಕ್ಕ, ಅಜ್ಜಿ ಊರಿನಿಂದ ಬರೆದ ಕಾಗದಗಳು. 2005ರ ಜುಲೈ 26. ಸಾಂತಾಕ್ರೂಜ್‌ನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್ ಮಳೆ. ಎದೆಯ ಮಟ್ಟಕ್ಕೆ ನೀರು ಬಂದಾಗ ಅವರು ಅಜ್ಜಿಯನ್ನು ಮೇಲಿನ ಮನೆಗೆ ಹತ್ತಿಸಿದರು, ಟ್ರಂಕು ಕೆಳಗೇ ಉಳಿಯಿತು. ಮೂರನೆಯ ದಿನ ತೆರೆದಾಗ ಪುಟಗಳೆಲ್ಲ ಕಲಸಿದ ಹಿಟ್ಟಾಗಿದ್ದವು. “ಅಜ್ಜಿ ಬದುಕಿದ್ದಳಲ್ಲ, ಸಾಕು” ಎನ್ನುತ್ತಿದ್ದರು. ಅಜ್ಜಿ ಹೋದ ಮೇಲೆ ಮಾತ್ರ ಆ ಕಾಗದಗಳನ್ನು ನೆನೆಯತೊಡಗಿದರು.

ಎಂಬತ್ತು ತುಂಬಿದ ವರ್ಷ ನನ್ನನ್ನು ಕರೆದು, “ಅಮ್ಮಾ, ಕೈ ನಡುಗುತ್ತದೆ. ನಾನು ಹೇಳ್ತೇನೆ, ನೀವು ಬರ್ಕೊಳ್ಳಿ. ಮೊಮ್ಮಗನಿಗೆ ಇರಲಿ” ಎಂದರು. ವಾರಕ್ಕೆ ಮೂರು ಮಧ್ಯಾಹ್ನ, ಮೂರರಿಂದ ಐದು. ಮೊಮ್ಮಗ ಪುಣೆಯಲ್ಲಿ ಸಾಫ್ಟ್‌ವೇರ್ ಎಂಜಿನಿಯರ್. ಕನ್ನಡ ಚೆನ್ನಾಗಿ ಮಾತಾಡುತ್ತಾನೆ, ಓದಲು ಬಾರದು. ಇದನ್ನು ಅವನ ಮೇಲಿನ ದೂರಾಗಿ ಬರೆಯುತ್ತಿಲ್ಲ. ಓದುವುದನ್ನು ಕಲಿಸಬೇಕಾದ ವಯಸ್ಸಿನಲ್ಲಿ ಕಲಿಸಲು ಯಾರಿಗೂ ಪುರುಸೊತ್ತಿರಲಿಲ್ಲ, ಅಷ್ಟೆ.

ಟ್ರಂಕಿನ ಗತಿ ಇದಕ್ಕೆ ಬರಬಾರದೆಂದು ಮೊಮ್ಮಗನೇ ಮೋಡದಲ್ಲೊಂದು ಫೋಲ್ಡರ್ ತೆರೆದುಕೊಟ್ಟ. ಅಜ್ಜನ ಮನೆಯಲ್ಲಿ ಕೂತು ನಾನು ಫೋನಿನಲ್ಲಿ ಬರೆದದ್ದು, ನಮ್ಮ ಮನೆಯ ಹಳೆಯ ಕಂಪ್ಯೂಟರಿನಲ್ಲೂ ಪುಣೆಯ ಅವನ ಲ್ಯಾಪ್‌ಟಾಪಿನಲ್ಲೂ ತಾನಾಗಿ ಬಂದು ಕೂರುತ್ತಿತ್ತು. ರಾತ್ರಿ ಊಟ ಮುಗಿಸಿ ದೊಡ್ಡ ಪರದೆಯ ಮೇಲೆ ಕಾಗುಣಿತ ತಿದ್ದುವುದು ನನ್ನ ಕೆಲಸ, ಫೋಟೋ ಸೇರಿಸುವುದು ಅವನದು.

ಮೊದಲ ತೊಡಕು ಅಕ್ಷರದ್ದು. ಅಜ್ಜ ಹಿಂದೆಂದೋ ಯಾರಿಂದಲೋ ಟೈಪು ಮಾಡಿಸಿದ್ದ ಮೂರು ಲೇಖನಗಳು ಹಳೆಯ ನುಡಿ ಫಾಂಟಿನಲ್ಲಿದ್ದವು. ಫೋನಿನಲ್ಲಿ ತೆರೆದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳೂ ಚುಕ್ಕೆ ಕೊಕ್ಕೆಗಳೂ ಕುಣಿಯುತ್ತಿದ್ದವು. ಮೊಮ್ಮಗ “ಫೈಲ್ ಕೆಟ್ಟುಹೋಗಿದೆ ಆಂಟಿ” ಎಂದ. ಕೆಟ್ಟಿರಲಿಲ್ಲ. ಆ ಕಾಲದ ನುಡಿ, ಬರಹದಂಥ ತಂತ್ರಾಂಶಗಳು ಇಂಗ್ಲಿಷ್ ಅಕ್ಷರಗಳ ಮನೆಗಳಲ್ಲೇ ಕನ್ನಡದ ತುಂಡುಗಳನ್ನು ಕೂರಿಸುತ್ತಿದ್ದವು. ಆ ಫಾಂಟು ಇಲ್ಲದ ಯಂತ್ರಕ್ಕೆ ಕಾಣುವುದು ಬರೀ ಇಂಗ್ಲಿಷ್ ಮನೆ. ಯೂನಿಕೋಡ್‌ನಲ್ಲಿ ಹಾಗಲ್ಲ, ಕನ್ನಡಕ್ಕೆ ಸ್ವಂತ ಮನೆಯಿದೆ. 1991ರ ಅದರ ಮೊದಲ ಆವೃತ್ತಿಯಲ್ಲೇ ನಮಗೆ ಜಾಗ ಸಿಕ್ಕಿತ್ತು, ನಾವು ಅಲ್ಲಿಗೆ ಒಕ್ಕಲು ಹೋಗಲು ತಡಮಾಡಿದೆವು. ಹಳೆಯದನ್ನು ಹೊಸದಕ್ಕೆ ಬದಲಿಸುವ ಸಾಧನಗಳು ಉಚಿತವಾಗಿ ಸಿಗುತ್ತವೆ. ಬದಲಿಸಿದ ಮೇಲೆ ಒತ್ತಕ್ಷರಗಳನ್ನೂ ಅರ್ಕಾವತ್ತನ್ನೂ ಮಾತ್ರ ಒಂದೊಂದಾಗಿ ನೋಡಿಕೊಳ್ಳಬೇಕು. ನಿಮ್ಮ ಮನೆಯಲ್ಲೂ ಹಿರಿಯರು ಟೈಪು ಮಾಡಿಸಿಟ್ಟ ಇಂಥ ‘ಕೆಟ್ಟ’ ಫೈಲುಗಳಿದ್ದರೆ ದಯವಿಟ್ಟು ಅಳಿಸಬೇಡಿ.

ಎರಡನೆಯದು ಜೋಡಿ ಪ್ರತಿಗಳದು. ಒಂದು ಶನಿವಾರ ಅಜ್ಜನ ಮನೆಯಲ್ಲಿ ನೆಟ್ ಇರಲಿಲ್ಲ. ಐದನೆಯ ಅಧ್ಯಾಯಕ್ಕೆ ಅವರು ಹೇಳಿದ ಹೊಸ ಪ್ಯಾರಾವನ್ನು ನಾನು ಫೋನಿನಲ್ಲೇ ಸೇರಿಸಿದೆ. ಅದೇ ಹೊತ್ತಿಗೆ ಪುಣೆಯಲ್ಲಿ ಮೊಮ್ಮಗ ಅದೇ ಅಧ್ಯಾಯಕ್ಕೆ ಫೋಟೋ ಹಾಕುತ್ತಿದ್ದ. ಸಂಜೆ ನೆಟ್ ಬಂದಾಗ ಮೋಡಕ್ಕೆ ಯಾರದು ಸರಿಯೆಂದು ತಿಳಿಯದೆ, ಎರಡನ್ನೂ ಇಟ್ಟು ಒಂದರ ಹೆಸರಿನ ಮುಂದೆ ‘ಕಾನ್‌ಫ್ಲಿಕ್ಟೆಡ್ ಕಾಪಿ’ ಎಂದು ಬರೆಯಿತು. ಇದು ಮೋಡದ ಸಭ್ಯತೆ ಎಂದೇ ನನ್ನ ಅಭಿಪ್ರಾಯ. ಇಬ್ಬರು ಸೊಸೆಯಂದಿರು ಒಂದೇ ಸಾರಿಗೆ ಉಪ್ಪು ಹಾಕಿದರೆ ಎರಡು ಬಟ್ಟಲಲ್ಲಿ ಬೇರೆ ಬೇರೆ ಬಡಿಸಿದಂತೆ. ಮೊಮ್ಮಗನಿಗೆ ಎರಡೂ ಒಂದೇ ಥರ ಕಂಡವು. ಅವನು ದೊಡ್ಡ ಫೈಲನ್ನು ಇಟ್ಟುಕೊಳ್ಳೋಣ ಎಂದ. ದೊಡ್ಡದು ಫೋಟೋಗಳಿದ್ದದ್ದು. ಒಂದು ಇಡೀ ಅಧ್ಯಾಯದ ಬರಹಕ್ಕಿಂತ ಒಂದು ಫೋಟೋ ಎಷ್ಟೋ ಪಟ್ಟು ಭಾರ. ಚಿಕ್ಕ ಫೈಲಿನಲ್ಲಿ ಅಜ್ಜ ಮೊದಲ ಸಂಬಳದಲ್ಲಿ ತಾಯಿಗೆ ಮನಿಯಾರ್ಡರ್ ಮಾಡಿದ ಸಂಗತಿ ಇತ್ತು. ಫೋನಿನಲ್ಲಿ ಅವನಿಗೆ ಆ ಪ್ಯಾರಾ ಓದಿ ಹೇಳಿ, ಎರಡನ್ನೂ ಕೂಡಿಸಿದೆ. ಅಲ್ಲಿಂದ ಮುಂದೆ ಒಂದು ಅಧ್ಯಾಯ ಒಬ್ಬರ ಕೈಯಲ್ಲಿರುವಾಗ ಇನ್ನೊಬ್ಬರು ಮುಟ್ಟಬಾರದೆಂಬ ಮಡಿ ಬಂತು. ಗೂಗಲ್ ಡಾಕ್ಸ್‌ನಂಥದರಲ್ಲಿ ನೆಟ್ ಇರುವಾಗ ಇಬ್ಬರೂ ಕೂಡಿಯೇ ಬರೆಯಬಹುದು, ಅಲ್ಲಿ ಈ ಮಡಿ ಬೇಡ. ಡೊಂಬಿವಲಿಯ ನೆಟ್ ಮೇಲೆ ಅಷ್ಟು ಭರವಸೆ ನಮಗಿರಲಿಲ್ಲ.

2024ರ ಆಗಸ್ಟಿನಲ್ಲಿ ಅಜ್ಜ ತೀರಿಕೊಂಡರು. ಹದಿನೇಳನೆಯ ಅಧ್ಯಾಯ ಮುಗಿದು ಹನ್ನೊಂದು ದಿನವಾಗಿತ್ತು. ಆಮೇಲೆ ಸುಮಾರು ಒಂದು ತಿಂಗಳು ಆ ಫೋಲ್ಡರನ್ನು ತೆರೆಯುವ ಮನಸ್ಸು ಯಾರಿಗೂ ಬರಲಿಲ್ಲ. ನಮ್ಮ ಹಳೆಯ ಕಂಪ್ಯೂಟರನ್ನು ಆನ್ ಮಾಡಿರಲೂ ಇಲ್ಲ. ನವರಾತ್ರಿಗೆ ಮುಂಚೆ ಒಂದು ಮಧ್ಯಾಹ್ನ, ಹಳೆಯ ಅಭ್ಯಾಸದಂತೆ ಮೂರು ಗಂಟೆಗೆ, ಫೋನಿನಲ್ಲಿ ತೆರೆದೆ. ಫೋಲ್ಡರ್ ಖಾಲಿ.

ಪುಣೆಗೆ ಫೋನು ಮಾಡಿದೆ. ಹುಡುಗ ಕೆಲಸ ಬದಲಿಸಿದ್ದ. ಹಳೆಯ ಕಂಪನಿಯ ಲ್ಯಾಪ್‌ಟಾಪ್ ವಾಪಸು ಕೊಡುವ ಮುನ್ನ ತನ್ನ ಸ್ವಂತದ್ದೆಲ್ಲ ಅಳಿಸಿದ್ದ. “ನನ್ನ ಲ್ಯಾಪ್‌ಟಾಪ್‌ನಿಂದ ಮಾತ್ರ ತೆಗೆದದ್ದು ಆಂಟಿ, ಮೋಡದಲ್ಲಿ ಇರಬೇಕಲ್ಲ” ಎಂದ. ಎಂಜಿನಿಯರ್ ಹುಡುಗನೇ ಹೀಗೆಂದರೆ ಉಳಿದವರ ಪಾಡೇನು! ನೀವು ಇದೊಂದನ್ನು ಗಮನವಿಟ್ಟು ಓದಬೇಕು. ಸಿಂಕ್ ಎನ್ನುವುದು ಕನ್ನಡಿ. ನಿಮ್ಮ ಹಣೆಯ ಕುಂಕುಮ ಒರೆಸಿದರೆ ಕನ್ನಡಿಯೊಳಗಿನ ಕುಂಕುಮವೂ ಹೋಗುತ್ತದೆ. ಒಂದು ಯಂತ್ರದ ಹಂಚಿಕೆಯ ಫೋಲ್ಡರಿನೊಳಗೆ ಅಳಿಸಿದ್ದು ಎಲ್ಲರ ಯಂತ್ರದಲ್ಲೂ ಅಳಿಯುತ್ತದೆ. ಬ್ಯಾಕಪ್ ಬೇರೆ, ಅದು ಅಟ್ಟದ ಮೇಲೆ ಬಟ್ಟೆ ಕಟ್ಟಿಟ್ಟ ಉಪ್ಪಿನಕಾಯಿ ಭರಣಿ. ಕೆಳಗಿನ ಬಟ್ಟಲು ಖಾಲಿಯಾದರೆ ಅದಕ್ಕೆ ಗೊತ್ತೂ ಆಗುವುದಿಲ್ಲ. ಹುಡುಗ ಮಾಡಬೇಕಾಗಿದ್ದದ್ದು ಇಷ್ಟೇ: ಮೊದಲು ಆ ಲ್ಯಾಪ್‌ಟಾಪಿನಲ್ಲಿ ಮೋಡದ ಖಾತೆಯಿಂದ ಹೊರಬಂದು, ಆಮೇಲೆ ಅಳಿಸುವುದು.

ನನ್ನ ಯಜಮಾನರು ಕೂಡಲೇ ಎದ್ದು, ಹಳೆಯ ಕಂಪ್ಯೂಟರಿನಲ್ಲಿ ಇರಬಹುದು ಎಂದು ಗುಂಡಿ ಒತ್ತಲು ಹೋದರು. ನಾನು ಅಡುಗೆಮನೆಯಿಂದಲೇ ಕೂಗಿದೆ, “ಮುಟ್ಟಬೇಡಿ!” ಒಂದು ತಿಂಗಳಿಂದ ನಿದ್ದೆ ಮಾಡುತ್ತಿದ್ದ ಆ ಯಂತ್ರದಲ್ಲಿ ಹದಿನೇಳು ಅಧ್ಯಾಯಗಳೂ ಹಾಗೇ ಇದ್ದವು. ಆದರೆ ಅದು ಎದ್ದು ನೆಟ್ಟಿಗೆ ಸೇರಿದ ಕ್ಷಣ, ಉಳಿದವರು ಅಳಿಸಿದ್ದಾರೆಂಬ ಸುದ್ದಿ ಅದಕ್ಕೂ ಮುಟ್ಟಿ, ಅದೂ ಅಳಿಸಿಬಿಡುತ್ತಿತ್ತು. ಮೊದಲು ರೌಟರಿನ ಸ್ವಿಚ್ಚು ತೆಗೆದೆ. ಆಮೇಲೆ ಕಂಪ್ಯೂಟರ್. ಫೋಲ್ಡರನ್ನು ಪೂರ್ತಿಯಾಗಿ ಪೆನ್‌ಡ್ರೈವಿಗೆ ನಕಲು ಮಾಡಿ, ಅದನ್ನು ಹೊರಕ್ಕೆ ಎಳೆದು, ದೇವರ ಮುಂದೆ ಇಟ್ಟು, ನಂತರವೇ ರೌಟರ್ ಹಾಕಿದ್ದು. ಹತ್ತು ನಿಮಿಷದಲ್ಲಿ ನಮ್ಮ ಕಣ್ಣ ಮುಂದೆಯೇ ಕಂಪ್ಯೂಟರಿನ ಫೋಲ್ಡರ್ ಖಾಲಿಯಾಯಿತು. ಯಜಮಾನರು ಬಹಳ ಹೊತ್ತು ಮಾತಾಡಲಿಲ್ಲ.

ಅಷ್ಟರಲ್ಲಿ ಪುಣೆಯಿಂದ ಫೋನು ಬಂತು. ಮೋಡದ ಕಸದಬುಟ್ಟಿಯಲ್ಲಿ ಎಲ್ಲವೂ ಸಿಕ್ಕಿದೆ ಎಂದು. ಈ ಬುಟ್ಟಿಯ ಬಗ್ಗೆ ತಿಳಿದಿರಲಿ. ಗೂಗಲ್ ಡ್ರೈವ್ ಇರಲಿ, ಡ್ರಾಪ್‌ಬಾಕ್ಸ್‌ನ ಉಚಿತ ಖಾತೆ ಇರಲಿ, ಅಳಿಸಿದ್ದನ್ನು ಮೂವತ್ತು ದಿನ ಇಟ್ಟುಕೊಳ್ಳುತ್ತವೆ, ಆಮೇಲೆ ಇಲ್ಲ. ಹುಡುಗ ಅಳಿಸಿ ಇಪ್ಪತ್ತೈದು ದಿನವಾಗಿತ್ತು. ಮರಳಿ ಬಂದದ್ದು ಪೂರ್ತಿಯಾಗಿದೆಯೇ ಎಂದು ಪೆನ್‌ಡ್ರೈವಿನ ಪ್ರತಿಯ ಜೊತೆ ಹೋಲಿಸಲು ಕೂತೆವು, ನಾನಿಲ್ಲಿ ಅವನಲ್ಲಿ. ಅಧ್ಯಾಯದ ತಲೆಬರಹಗಳನ್ನು ಅವನು ಒಂದನೆಯ ಇಯತ್ತೆಯ ಮಗುವಿನಂತೆ ಅಕ್ಷರ ಅಕ್ಷರವಾಗಿ ಕೇಳಿ ಗುರುತಿಸಿದ. ‘ರಾತ್ರಿ ಶಾಲೆ’ ಎನ್ನುವುದರ ತ್ರಿ ವತ್ತಿಗೆ ಐದು ನಿಮಿಷ ಬೇಕಾಯಿತು. ರಾತ್ರಿ ಹನ್ನೊಂದೂವರೆಗೆ ಹದಿನೇಳೂ ಸರಿಹೋದವು. “ಇದನ್ನು ಅಜ್ಜ ಇದ್ದಾಗ ಮಾಡಬಹುದಿತ್ತು” ಎಂದ. ನಾನು ಏನೂ ಹೇಳಲಿಲ್ಲ.

ಈಗಿನ ವ್ಯವಸ್ಥೆ ಹೀಗಿದೆ. ಮೋಡದಲ್ಲಿ ಒಂದು ಪ್ರತಿ. ಪ್ರತಿ ತಿಂಗಳ ಮೊದಲ ಭಾನುವಾರ, ಸಿಂಕ್‌ಗೆ ಸಂಬಂಧವೇ ಇಲ್ಲದ ಹಾರ್ಡ್‌ಡಿಸ್ಕಿಗೆ ಒಂದು ನಕಲು. ನಕಲಾದ ಮೇಲೆ ತಂತಿ ಬಿಚ್ಚಿಡುವುದು. ಮತ್ತೆ ಕಾಗದದ ಮೇಲೆ ಒಂದು, 140 ಪುಟ, ಗೋದ್ರೇಜ್ ಕಪಾಟಿನಲ್ಲಿ. ಇದನ್ನು ಕಂಡು ನಕ್ಕ ಮಗಳಿಗೆ, ಕಾಗದಕ್ಕೆ ಪಾಸ್‌ವರ್ಡ್ ಬೇಡ ಎಂದೆ. ಉಚಿತ ಜಾಗದ ಚಿಂತೆ ಬರಹಕ್ಕಿಲ್ಲ. ಗೂಗಲಿನ 15 ಜಿಬಿಯನ್ನು ತಿನ್ನುವುದು ಫೋಟೋಗಳೂ ಗುಡ್ ಮಾರ್ನಿಂಗ್ ವಿಡಿಯೋಗಳೂ. 2021ರ ಜೂನ್‌ನಿಂದ ಹೊಸ ಫೋಟೋಗಳೂ ಆ ಲೆಕ್ಕಕ್ಕೇ ಸೇರುತ್ತವೆ. ಹಾಗಾಗಿ ಫೋಟೋಗಳಿಗೆ ಬೇರೆ ಖಾತೆ ಮಾಡಿದ್ದೇನೆ.

ಇನ್ನೊಂದು ಮಾತು, ಹೇಳಲು ಅಷ್ಟು ಹಿತವಲ್ಲ. ಗೂಗಲ್ ಖಾತೆಯನ್ನು ಎರಡು ವರ್ಷ ಯಾರೂ ಬಳಸದಿದ್ದರೆ ಅಳಿಸಿಹಾಕಬಹುದು; ಆ ಕ್ರಮ 2023ರ ಡಿಸೆಂಬರಿನಲ್ಲಿ ಶುರುವಾಯಿತು. ನಮ್ಮ ನಂತರ ಯಾರಿಗೆ ಸುದ್ದಿ ಹೋಗಬೇಕು, ಯಾರಿಗೆ ಯಾವುದು ಸಿಗಬೇಕು ಎಂದು ಮೊದಲೇ ಬರೆದಿಡಲು ಅದರಲ್ಲೇ ಒಂದು ಅನುಕೂಲವಿದೆ, ‘ಇನ್‌ಆಕ್ಟಿವ್ ಅಕೌಂಟ್ ಮ್ಯಾನೇಜರ್’ ಎಂದು. ಹತ್ತು ಜನರ ಹೆಸರು ಕೊಡಬಹುದು. ಐಫೋನಿನವರಿಗೆ ‘ಲೆಗಸಿ ಕಾಂಟ್ಯಾಕ್ಟ್’. ನಾನು ಮಗಳ ಹೆಸರು ಬರೆದೆ. ಅಪ್ಪ ಅಮ್ಮನಿಗೆ ಇದನ್ನು ಮಾಡಿಕೊಡುವಾಗ ಸಂಕೋಚವಾಗುತ್ತದೆ, ನಿಜ. ಎಲ್‌ಐಸಿ ಫಾರಂನಲ್ಲಿ ನಾಮಿನಿ ಬರೆಯುವಾಗಲೂ ಒಂದು ಕಾಲಕ್ಕೆ ಹಾಗೇ ಆಗುತ್ತಿತ್ತು.

ಇದನ್ನು ಹೇಳಲು ಕಾರಣವಿದೆ. ಕೊನೆಯ ದಿನಗಳಲ್ಲಿ ಅಜ್ಜನಿಗೆ ನಿದ್ದೆ ಬರುತ್ತಿರಲಿಲ್ಲ. ರಾತ್ರಿ ತಮ್ಮ ಫೋನಿನಲ್ಲೇ ಮಾತಾಡಿ ಧ್ವನಿಮುದ್ರಣ ಮಾಡಿಕೊಳ್ಳುತ್ತಿದ್ದರು. “ಅಜ್ಜಿ ಬರೆದ ಕಾಗದಗಳಲ್ಲಿ ಏನಿತ್ತೆಂದು ನೆನಪಾದಷ್ಟು ಹೇಳಿಟ್ಟಿದ್ದೇನೆ ಮಾರಾಯ್ರೆ. ಬುಧವಾರ ಕೇಳಿಸ್ತೇನೆ” ಎಂದಿದ್ದರು. ಅದು ಹದಿನೆಂಟನೆಯ ಅಧ್ಯಾಯವಾಗಬೇಕಿತ್ತು. ಆ ಫೋನಿನ ಧ್ವನಿ ಕಡತಗಳು ಯಾವ ಮೋಡಕ್ಕೂ ಹೋಗಿಲ್ಲ, ಫೋನಿನ ಒಳಗೇ ಇವೆ. ಬೀಗದ ಸಂಖ್ಯೆ ಅವರೊಬ್ಬರಿಗೇ ಗೊತ್ತಿತ್ತು. ಮೊಮ್ಮಗ ಅಜ್ಜಿಯ ಹುಟ್ಟಿದ ವರ್ಷ, ಮುಂಬಯಿಗೆ ಬಂದ ವರ್ಷ, ಬ್ಯಾಂಕಿನ ನೌಕರಿಯ ನಂಬರು ಎಲ್ಲ ಹಾಕಿ ನೋಡಿದ್ದಾನೆ. ತಪ್ಪಿದಷ್ಟೂ ಫೋನು ಹೆಚ್ಚು ಹೊತ್ತು ಕಾಯಿಸುತ್ತದೆ. ಈಗ ಸುಮ್ಮನೆ ಊಹಿಸಿ ಒತ್ತುವುದನ್ನು ಬಿಟ್ಟಿದ್ದಾನೆ. ಹದಿನೇಳು ಅಧ್ಯಾಯಗಳಲ್ಲಿ ಬರುವ ಇಸವಿಗಳನ್ನೂ ಮನೆ ನಂಬರುಗಳನ್ನೂ ಒಂದು ಪಟ್ಟಿ ಮಾಡುತ್ತಿದ್ದಾನೆ, ಅದಕ್ಕಾಗಿ ನಿಧಾನವಾಗಿ ಓದುತ್ತಿದ್ದಾನೆ. ಆರನೆಯದರಲ್ಲಿದ್ದಾನೆ. ಫೋನು ಅವರ ಮಗನ ಮನೆಯ ಕಪಾಟಿನಲ್ಲಿದೆ. ಬ್ಯಾಟರಿ ಸಾಯಬಾರದೆಂದು ಭಾನುವಾರ ಭಾನುವಾರ ಚಾರ್ಜಿಗೆ ಹಾಕುತ್ತಾರೆ.