ಡ್ರಿಪ್ ಹಾಕದ ಡಾಕ್ಟರು

ಡಾಕ್ಟರು ಒಳ್ಳೆಯವರೋ ಅಲ್ಲವೋ ಎಂದು ನಮ್ಮ ಜನ ಅಳೆಯುವ ರೀತಿ ಬಹಳ ಸರಳ. ಇಂಜೆಕ್ಷನ್ ಕೊಟ್ಟರೆ ಒಳ್ಳೆಯವರು. ಜೊತೆಗೆ ಒಂದು ಬಾಟಲಿ ಗ್ಲೂಕೋಸ್ ಏರಿಸಿದರೆ ಇನ್ನೂ ಒಳ್ಳೆಯವರು. “ಬರೀ ಮಾತ್ರೆ ಬರೆದು ಕಳಿಸಿಬಿಟ್ಟರು” ಎಂಬುದು ದೂರು. ಎರಡು ದಿನದ ಜ್ವರ ಬಿಟ್ಟು ಸುಸ್ತಾಗಿದೆ ಎಂದು ಬಂದ ಅಜ್ಜಿಯನ್ನು ಚೆನ್ನಾಗಿ ಪರೀಕ್ಷಿಸಿ, “ಏನೂ ಬೇಡ ಅಜ್ಜೀ, ಮನೆಗೆ ಹೋಗಿ ಗಂಜಿ ಕುಡಿದು ಮಲಗಿ” ಎಂದು ಹೇಳಲು ಡಾಕ್ಟರಿಗೆ ತಾಳ್ಮೆಯೂ ಬೇಕು, ಧೈರ್ಯವೂ ಬೇಕು. ದವಾಖಾನೆಯನ್ನು ಪರಿಸರಸ್ನೇಹಿ ಮಾಡುವುದು ಹೇಗೆ ಎಂಬ ಮಾತು ಬಂದಾಗಲೆಲ್ಲ ನನಗೆ ಮೊದಲು ನೆನಪಾಗುವವರು ಇಂಥ ಡಾಕ್ಟರು. ತಾರಸಿಯ ಮೇಲೆ ಸೋಲಾರ್ ಬರಲಿ, ಅಂಗಳದಲ್ಲಿ ಹೊಂಗೆ ಗಿಡ ಬೆಳೆಯಲಿ, ಎಲ್ಲವೂ ಬೇಕು. ಆದರೆ ಬೇಡದ ಡ್ರಿಪ್ಪನ್ನು ಹಾಕದೆ ಬಿಡುವುದು ಇವೆಲ್ಲಕ್ಕಿಂತ ಮೊದಲಿನ ಕೆಲಸ ಎಂದು ನಾನು ನಂಬಿದ್ದೇನೆ.

ಆ ಬಾಟಲಿಯಲ್ಲಿ ಇರುವುದಾದರೂ ಏನು? ಒಂದು ಲೀಟರ್ ನಾರ್ಮಲ್ ಸಲೈನಿನಲ್ಲಿ 9 ಗ್ರಾಂ ಉಪ್ಪು, ಮಿಕ್ಕದ್ದು ನೀರು. ಶೇ. 5ರ ಗ್ಲೂಕೋಸಿನ ಅರ್ಧ ಲೀಟರ್ ಬಾಟಲಿಯಲ್ಲಿ 25 ಗ್ರಾಂ ಸಕ್ಕರೆ. ಎರಡು ಏಲಕ್ಕಿ ಬಾಳೆಹಣ್ಣು ತಿಂದರೆ ಹೆಚ್ಚುಕಡಿಮೆ ಅಷ್ಟೇ ಶಕ್ತಿ ಬರುತ್ತದೆ. ಅದನ್ನು ರಕ್ತನಾಳಕ್ಕೆ ಸೇರಿಸಲು ಒಂದು ಪ್ಲಾಸ್ಟಿಕ್ ಬಾಟಲಿ, ಉದ್ದದ ಕೊಳವೆ, ಸೂಜಿ, ಅಂಟುಪಟ್ಟಿ, ಹತ್ತಿ, ಗ್ಲೌಸು, ಇವೆಲ್ಲವನ್ನೂ ಸುತ್ತಿಕೊಂಡು ಬಂದ ಕವರುಗಳು. ಒಂದೆರಡು ಗಂಟೆಯಲ್ಲಿ ಎಲ್ಲವೂ ಕಸ.

ಡ್ರಿಪ್ಪಿಗೆ ಅದರದೇ ಜಾಗ ಇದೆ. ಕಣ್ಣು ಗುಳಿಬಿದ್ದು, ನೀರು ಕುಡಿಯಲೂ ಆಗದೆ ಬಂದ ವಾಂತಿಭೇದಿಯ ರೋಗಿಗೆ ಅದೇ ಪ್ರಾಣ. ಆದರೆ ಬಾಯಲ್ಲಿ ಕುಡಿಯಬಲ್ಲವರಿಗೆ ಬಾಯೇ ಸಾಕು ಎಂದು ಲೋಕಕ್ಕೆ ತೋರಿಸಿಕೊಟ್ಟ ದೊಡ್ಡ ಪರೀಕ್ಷೆ ನಡೆದದ್ದು ನಮ್ಮ ದೇಶದಲ್ಲೇ. 1971ರಲ್ಲಿ ಬಾಂಗ್ಲಾದಿಂದ ಓಡಿಬಂದವರು ಪಶ್ಚಿಮ ಬಂಗಾಳದ ಬನಗಾಂವ್ ಶಿಬಿರದಲ್ಲಿ ತುಂಬಿಕೊಂಡಿದ್ದರು. ಕಾಲರಾ ಹಬ್ಬಿತು, ಸಲೈನ್ ಮುಗಿಯುತ್ತ ಬಂತು. ಆಗ ಡಾ. ದಿಲೀಪ್ ಮಹಾಲನಬಿಸ್ ಲೀಟರ್ ನೀರಿಗೆ 22 ಗ್ರಾಂ ಗ್ಲೂಕೋಸ್, 3.5 ಗ್ರಾಂ ಉಪ್ಪು, 2.5 ಗ್ರಾಂ ಅಡಿಗೆ ಸೋಡಾದ ಲೆಕ್ಕದಲ್ಲಿ ಬೆರೆಸಿ, ನಲ್ಲಿ ಇಟ್ಟ ಡ್ರಮ್ಮುಗಳಲ್ಲಿ ತುಂಬಿಸಿದರು. ಕುಡಿಸಿದವರು ರೋಗಿಗಳ ಮನೆಯವರೇ. ನೂರಕ್ಕೆ ಮೂವತ್ತರ ಹತ್ತಿರ ಇದ್ದ ಸಾವು ನಾಲ್ಕಕ್ಕಿಂತ ಕೆಳಗೆ ಇಳಿಯಿತು. ಮಹಾಲನಬಿಸ್ ಅವರಿಗೆ ಪದ್ಮವಿಭೂಷಣ ಸಂದದ್ದು 2023ರಲ್ಲಿ, ತೀರಿಕೊಂಡ ಮೇಲೆ. ಇಂಥದೇ ಬೆರಕೆಯ ಓಆರ್‌ಎಸ್ ಪೊಟ್ಟಣವನ್ನು ಪರಿಸರದ ಪಟ್ಟಿಯಲ್ಲಿ ಯಾರೂ ಸೇರಿಸುವುದಿಲ್ಲ. ನನ್ನನ್ನು ಕೇಳಿದರೆ ಅದಕ್ಕೆ ಮೊದಲ ಸಾಲಿನಲ್ಲೇ ಜಾಗ ಕೊಡುತ್ತೇನೆ.

ಇಲ್ಲಿ ಹಣದ ಮಾತನ್ನೂ ಆಡಿಬಿಡಬೇಕು. ಡ್ರಿಪ್ ಹಾಕಿದರೆ ಬಿಲ್ಲಿಗೆ ಅರ್ಥ ಇದೆ ಎಂದು ಜನ ಒಪ್ಪುತ್ತಾರೆ. ಇಪ್ಪತ್ತು ನಿಮಿಷ ಕೂತು ಕೇಳಿ, ಹೊಟ್ಟೆ ಒತ್ತಿ ನೋಡಿ, “ಔಷಧಿ ಬೇಡ” ಎಂದ ಡಾಕ್ಟರಿಗೆ ಇನ್ನೂರು ರೂಪಾಯಿ ಕೊಡಲು ಕೈ ಹಿಂದೆಮುಂದೆ ನೋಡುತ್ತದೆ. ಡಾಕ್ಟರ ವಿವೇಚನೆಗೆ ನಾವು ದುಡ್ಡು ಕೊಡದಿದ್ದರೆ ಪ್ಲಾಸ್ಟಿಕ್ಕಿಗೆ ಕೊಡುತ್ತಲೇ ಇರುತ್ತೇವೆ.

ಹಿಂದೆ ನಮ್ಮ ಊರುಗಳ ದವಾಖಾನೆಗಳಲ್ಲಿ ಕಸ ಇಷ್ಟು ಇರಲಿಲ್ಲ. ಮಿಕ್ಸ್ಚರಿಗೆ ಮನೆಯಿಂದಲೇ ಬಾಟಲಿ ತೊಳೆದು ಒಯ್ಯಬೇಕಿತ್ತು. ಕಾಂಪೌಂಡರು ಕಾಗದದ ಪಟ್ಟಿಗೆ ಕತ್ತರಿಯಿಂದ ಹಲ್ಲುಹಲ್ಲಾಗಿ ಗುರುತು ಮಾಡಿ ಬಾಟಲಿಗೆ ಅಂಟಿಸುತ್ತಿದ್ದರು. ಒಂದು ಹಲ್ಲಿಗೆ ಒಂದು ಹೊತ್ತಿನ ಔಷಧಿ. ಗಾಜಿನ ಸಿರಿಂಜು ಸ್ಟೀಲಿನ ಡಬ್ಬಿಯಲ್ಲಿ ಕುದಿಯುತ್ತಿತ್ತು. ನೆನೆದರೆ ಹಿತವೆನಿಸುತ್ತದೆ, ಆದರೂ ಆ ಸಿರಿಂಜು ವಾಪಸ್ ಬರಲಿ ಎಂದು ನಾನು ಕೇಳಲಾರೆ. ಸರಿಯಾಗಿ ಕುದಿಯದ ಸೂಜಿ ಏನೆಲ್ಲ ಹರಡಿತು ಎಂಬುದು ವೈದ್ಯರಿಗೆ ಗೊತ್ತು. 2009ರಲ್ಲಿ ಗುಜರಾತಿನ ಮೊಡಾಸಾದಲ್ಲಿ, ಒಮ್ಮೆ ಬಳಸಿ ಬಿಸಾಡಬೇಕಾದ ಸಿರಿಂಜುಗಳನ್ನು ಮತ್ತೆ ಬಳಸಿದ್ದರಿಂದ ಹೆಪಟೈಟಿಸ್-ಬಿ ಹಬ್ಬಿ ಹಲವರು ಸತ್ತರು. ಉಳಿತಾಯ ಬೇಕು, ಯಾವುದರಲ್ಲಿ ಎಂಬ ತಿಳಿವಳಿಕೆಯೂ ಬೇಕು.

ಆ ತಿಳಿವಳಿಕೆ ಹೇಗಿರುತ್ತದೆ ಎಂಬುದಕ್ಕೆ ಅರವಿಂದ ಕಣ್ಣಾಸ್ಪತ್ರೆಯೇ ಸಾಕ್ಷಿ. 1976ರಲ್ಲಿ ಡಾ. ಜಿ. ವೆಂಕಟಸ್ವಾಮಿ ಮದುರೆಯಲ್ಲಿ ಅದನ್ನು ಶುರುಮಾಡಿದಾಗ ಪರಿಸರ ಅವರ ಮನಸ್ಸಿನಲ್ಲಿ ಇದ್ದಿರಲಾರದು. ಬಡವರ ಪೊರೆ ತೆಗೆಯುವುದು ಹೇಗೆ ಎಂಬುದೇ ಚಿಂತೆ. ಒಂದೇ ಥಿಯೇಟರಿನಲ್ಲಿ ಎರಡು ಮೇಜು: ಒಬ್ಬರ ಆಪರೇಷನ್ ಮುಗಿಯುವಷ್ಟರಲ್ಲಿ ಪಕ್ಕದ ಮೇಜಿನವರು ಸಿದ್ಧ. ಸಲಕರಣೆಗಳು ಹಬೆಯಲ್ಲಿ ಶುದ್ಧಿಮಾಡುವ ಆಟೊಕ್ಲೇವಿಗೆ ಹೋಗಿ ಮತ್ತೆ ಬರುತ್ತವೆ. ಕಣ್ಣಿನ ಹನಿಯ ಒಂದೇ ಬಾಟಲಿ ಹಲವರಿಗೆ ಆಗುತ್ತದೆ. ಅವರ ಪುದುಚೇರಿ ಆಸ್ಪತ್ರೆಯ ಬಗ್ಗೆ 2017ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಅಲ್ಲಿಯ ಒಂದು ಪೊರೆ ಆಪರೇಷನ್ನಿನ ಇಂಗಾಲದ ಹೊರೆ ಸುಮಾರು 6 ಕಿಲೋ. ಬ್ರಿಟನ್ನಿನಲ್ಲಿ ಅದೇ ಆಪರೇಷನ್ನಿನ ಹೊರೆ ಅದರ ಇಪ್ಪತ್ತು ಪಟ್ಟು. ಸೋಂಕು ಮಾತ್ರ ಅರವಿಂದದಲ್ಲಿ ಹೆಚ್ಚಿಲ್ಲ. ನಮ್ಮ ಹೊಸ ಆಸ್ಪತ್ರೆಗಳು ಎಲ್ಲವನ್ನೂ ಒಮ್ಮೆ ಬಳಸಿ ಎಸೆಯುವುದನ್ನೇ ಶುಚಿಯ ಗುರುತು ಎಂದುಕೊಂಡು ಹೊರಟಿರುವುದನ್ನು ನೋಡಿದರೆ ಸಂಕಟವಾಗುತ್ತದೆ. ಕಲಿಯಬೇಕಾದದ್ದು ಪಕ್ಕದ ರಾಜ್ಯದಲ್ಲೇ ಇದೆ.

ಕಿಟಕಿಯ ವಿಷಯವೂ ಹೀಗೆಯೇ. ತಾಲ್ಲೂಕು ಊರುಗಳ ಹಳೆಯ ಸರ್ಕಾರಿ ಆಸ್ಪತ್ರೆಗಳನ್ನು ನೋಡಿ: ಎತ್ತರದ ಮಂಗಳೂರು ಹೆಂಚಿನ ಮಾಡು, ಆಳೆತ್ತರದ ಕಿಟಕಿ, ಉದ್ದದ ಜಗಲಿ. ಈಗ ಕ್ಲಿನಿಕ್ಕೆಂದರೆ ಕಾಂಪ್ಲೆಕ್ಸಿನ ಒಂದು ಮಳಿಗೆ. ಗಾಜಿನ ಬಾಗಿಲು, ಒಳಗೆ ಏಸಿ, ಕೆಮ್ಮುವವರೂ ಕೂಸು ಎತ್ತಿಕೊಂಡವರೂ ಒತ್ತಾಗಿ ಕೂತಿರುತ್ತಾರೆ. ದಕ್ಷಿಣ ಅಮೆರಿಕದ ಪೆರುವಿನ ಲಿಮಾ ನಗರದ ಎಂಟು ಆಸ್ಪತ್ರೆಗಳಲ್ಲಿ ಗಾಳಿಯ ಓಡಾಟ ಅಳೆದ ವರದಿ 2007ರಲ್ಲಿ ಬಂತು. ಎತ್ತರದ ಮಾಡು, ದೊಡ್ಡ ಕಿಟಕಿಗಳ ಹಳೆಯ ಕೋಣೆಗಳಲ್ಲಿ ಕಿಟಕಿ ತೆರೆದಿಟ್ಟರೆ, ಯಂತ್ರದಿಂದ ಗಾಳಿಯಾಡಿಸುವ ಕೋಣೆಗಳಿಗಿಂತ ಎಷ್ಟೋ ಹೆಚ್ಚು ಗಾಳಿ ಬದಲಾಗುತ್ತಿತ್ತು. ಕ್ಷಯ ಹರಡುವ ಅಪಾಯವೂ ಕಡಿಮೆ. ಕರೆಂಟೂ ಉಳಿಯಿತು, ಶ್ವಾಸಕೋಶವೂ ಉಳಿಯಿತು. ಕರೆಂಟು ಬೇಕೇ ಬೇಕಾದ ಕೆಲಸಗಳಿವೆ. ಲಸಿಕೆಯನ್ನು 2ರಿಂದ 8 ಡಿಗ್ರಿಯಲ್ಲಿ ಇಡಬೇಕು, ಹೆರಿಗೆ ಕೋಣೆಯಲ್ಲಿ ನಡುರಾತ್ರಿ ದೀಪ ಆರಬಾರದು. ಅಂಥ ಕಡೆ ಸೌರವಿದ್ಯುತ್ತಿನ ಬೆಲೆ ತಿಳಿಯುತ್ತದೆ. ಬೆಂಗಳೂರಿನ ಸೆಲ್ಕೊ ಫೌಂಡೇಶನ್ ಸರ್ಕಾರದ ಜೊತೆ ಸೇರಿ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಅದನ್ನು ತಲುಪಿಸುತ್ತಿರುವುದು ದೊಡ್ಡ ಕೆಲಸ.

ಬರೆದ ಔಷಧಿಯೂ ರೋಗಿಯ ಹೊಟ್ಟೆಯಲ್ಲಿಯೇ ಮುಗಿಯುವುದಿಲ್ಲ. ಇದನ್ನು ಅರಿಯಲು ರಾಮನಗರದ ರಾಮದೇವರ ಬೆಟ್ಟಕ್ಕೆ ಹೋಗಬೇಕು. 2012ರಲ್ಲಿ ರಣಹದ್ದುಗಳ ಧಾಮವೆಂದು ಘೋಷಿಸಿದ ಬೆಟ್ಟ ಅದು. ಈಗ ಅಲ್ಲಿ ಹದ್ದು ಕಂಡರೆ ಪುಣ್ಯ. ನೋವಿಗೆ ನಾವೆಲ್ಲ ನುಂಗುವ ಡೈಕ್ಲೊಫೆನಾಕನ್ನು ದನಗಳಿಗೂ ಚುಚ್ಚುತ್ತಿದ್ದರು. ಸತ್ತ ದನವನ್ನು ತಿಂದ ರಣಹದ್ದುಗಳ ಮೂತ್ರಪಿಂಡ ಕೆಟ್ಟು, ದೇಶದಲ್ಲಿ ಕೆಲವು ಜಾತಿಗಳು ನೂರಕ್ಕೆ ತೊಂಬತ್ತೇಳಕ್ಕೂ ಹೆಚ್ಚು ಅಳಿದವು. 2006ರಲ್ಲಿ ಪಶು ಚಿಕಿತ್ಸೆಗೆ ಅದನ್ನು ನಿಷೇಧಿಸಿದರು. ಮನುಷ್ಯರಿಗೆಂದು ಬರುತ್ತಿದ್ದ ದೊಡ್ಡ ಸೀಸೆಗಳು ಕೊಟ್ಟಿಗೆಗೆ ಹೋಗುತ್ತಲೇ ಇದ್ದವು. ಕೊನೆಗೆ 2015ರಲ್ಲಿ, ಮನುಷ್ಯರ ಇಂಜೆಕ್ಷನ್ನೂ 3 ಮಿಲಿಲೀಟರಿನ ಒಂದೇ ಡೋಸಿನ ಸೀಸೆಯಲ್ಲಿ ಮಾತ್ರ ಬರಬೇಕೆಂದಾಯಿತು. ಸೀಸೆ ಚಿಕ್ಕದಾದರೆ ಕಸ ಹೆಚ್ಚುತ್ತದೆ, ನಿಜ. ಇಲ್ಲಿ ಆ ಕಸವನ್ನು ಒಪ್ಪಿಕೊಳ್ಳಲೇಬೇಕು. ಹದ್ದಿನ ಜೀವ ದೊಡ್ಡದು.

ಆಸ್ತಮಾದ ಪಂಪಿನಲ್ಲೂ ಇಂಥ ಆಯ್ಕೆ ಇದೆ. ಸ್ಪ್ರೇ ಬಗೆಯದರಲ್ಲಿ ಔಷಧಿಯನ್ನು ಹೊರದೂಡುವ ಅನಿಲ ಭೂಮಿಯನ್ನು ಬಿಸಿಮಾಡುವುದರಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಸಾವಿರಕ್ಕೂ ಹೆಚ್ಚು ಪಟ್ಟು ಜೋರು. ಕ್ಯಾಪ್ಸೂಲ್ ಇಟ್ಟು ಪುಡಿ ಎಳೆದುಕೊಳ್ಳುವ ಪಂಪಿನಲ್ಲಿ ಆ ಅನಿಲವೇ ಇಲ್ಲ, ಬೆಲೆಯೂ ಕೈಗೆಟುಕುವಂಥದ್ದು. ಚಿಕ್ಕ ಮಕ್ಕಳಿಗೆ, ಜೋರಾಗಿ ಉಸಿರೆಳೆಯಲಾಗದವರಿಗೆ ಸ್ಪ್ರೇಯೇ ಸರಿ. ಮಿಕ್ಕವರು ಡಾಕ್ಟರನ್ನು ಕೇಳಿ ನೋಡಬಹುದು. ಕೇಳದೆ ಬದಲಾಯಿಸಬಾರದು.

ಇನ್ನು ಕಸದ ಬುಟ್ಟಿ. ಆಸ್ಪತ್ರೆಯ ಕಸದಲ್ಲಿ ಅಪಾಯಕಾರಿಯಾದದ್ದು ನೂರಕ್ಕೆ ಹದಿನೈದು ಪಾಲು ಮಾತ್ರ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಉಳಿದದ್ದು ಕಾಗದ, ರಟ್ಟು, ಊಟದ ಉಳಿಕೆ. ಎಲ್ಲವನ್ನೂ ಹಳದಿ ಚೀಲಕ್ಕೆ ತುಂಬಿದರೆ ಎಲ್ಲವೂ ಸುಡುವ ಕುಲುಮೆಗೆ ಹೋಗುತ್ತದೆ. ಜೊತೆಗೆ ಕ್ಲೋರಿನ್ ಇರುವ ಪ್ಲಾಸ್ಟಿಕ್ ಸೇರಿದರೆ ಹೊಗೆಯಲ್ಲಿ ಡಯಾಕ್ಸಿನ್ ವಿಷ. 2016ರ ನಿಯಮಗಳು ಹಳದಿ, ಕೆಂಪು, ಬಿಳಿ, ನೀಲಿ ಎಂದು ಬಣ್ಣ ಹಂಚಿಕೊಟ್ಟಿವೆ. ಗೋಡೆಯ ಮೇಲೆ ಪೋಸ್ಟರೂ ಇರುತ್ತದೆ. ಆದರೆ ವಿಂಗಡಿಸುವವರು ಆಯಾಗಳು. ಡಾಕ್ಟರು ಅವಸರದಲ್ಲಿ ಹತ್ತಿಯ ಜೊತೆ ಎಸೆದ ಸೂಜಿ ಚುಚ್ಚುವುದು ಅವರ ಬೆರಳಿಗೆ. ಕಸ ಮುಟ್ಟುವ ಪ್ರತಿಯೊಬ್ಬರಿಗೂ ಹೆಪಟೈಟಿಸ್-ಬಿ ಮತ್ತು ಧನುರ್ವಾಯುವಿನ ಲಸಿಕೆ ಹಾಕಿಸಬೇಕೆಂದು ಅದೇ ನಿಯಮಗಳಲ್ಲಿ ಇದೆ. ಹೆಪಟೈಟಿಸ್-ಬಿ ಲಸಿಕೆ ಮೂರು ಡೋಸು, ಆರು ತಿಂಗಳಲ್ಲಿ ಮುಗಿಯುತ್ತದೆ. ನಿಮ್ಮ ಆಯಾ ಅವರಿಗೆ ಹಾಕಿಸಿದ್ದೀರಾ ಎಂದು ಕೇಳಿದರೆ ಒಳ್ಳೆಯ ಡಾಕ್ಟರು ಬೇಸರ ಮಾಡಿಕೊಳ್ಳುವುದಿಲ್ಲ.