ಶುಕ್ರವಾರ ಬರುವ ಹಾಡುಗಳು

ಹೊಸ ಹಾಡಿಗೆ ಶುಕ್ರವಾರವೇ ಆಗಬೇಕೆಂದು ಯಾರು ಗೊತ್ತುಮಾಡಿದರೋ, ಅವರಿಗೆ ಒಳ್ಳೆಯದಾಗಲಿ. ಹಿಂದೆ ಒಂದೊಂದು ದೇಶದಲ್ಲಿ ಒಂದೊಂದು ವಾರ ಬಿಡುಗಡೆಯಾಗುತ್ತಿದ್ದ ಆಲ್ಬಮ್‌ಗಳು 2015ರ ಜುಲೈನಿಂದ ಶುಕ್ರವಾರಕ್ಕೆ ಬಂದು ಕೂತವು. ನಮ್ಮಲ್ಲಿ ಅದು ಹೊಸ್ತಿಲು ತೊಳೆದು ರಂಗೋಲಿ ಹಾಕುವ ದಿನ, ಲಕ್ಷ್ಮಿ ಬರುವ ದಿನ. ಸರಸ್ವತಿಯೂ ಜೊತೆಗೇ ಬರುತ್ತಾಳೆಂದು ನಾನು ಕಾಫಿ ಮುಗಿಯುವ ಮೊದಲೇ ಫೋನ್ ತೆರೆದು, ಹೊಸದೇನಿದೆ ನೋಡುತ್ತೇನೆ.

ಸಿನಿಮಾ ಹಾಡನ್ನು ಹುಡುಕುವ ಕೆಲಸವಿಲ್ಲ, ಬಿಡಿ. ಆಟೋದಲ್ಲೋ ಮದುವೆ ಮನೆಯಲ್ಲೋ ತಾನಾಗಿ ಕಿವಿಗೆ ಬೀಳುತ್ತದೆ. ಹುಡುಕಬೇಕಾದದ್ದು ಹೀರೋ ಇಲ್ಲದ, ಪೋಸ್ಟರ್ ಇಲ್ಲದ ಹಾಡುಗಳನ್ನು. ರಘು ದೀಕ್ಷಿತ್ ಅವರ 2008ರ ಮೊದಲ ಆಲ್ಬಮ್ ನೆನಪಿದೆಯೆ? 1889ರಲ್ಲಿ ತೀರಿಕೊಂಡ ಶಿಶುನಾಳ ಶರೀಫರ ಪದಗಳು ಅದರಲ್ಲಿ ಗಿಟಾರ್ ಜೊತೆ ಹೊರಟಿದ್ದವು. ಧಾರವಾಡದ ನಮ್ಮ ಸೋದರಮಾವನಿಗೆ ಕೇಳಿಸಿದೆ. ಶರೀಫರೆಂದರೆ 1990ರ ಸಿನಿಮಾದಲ್ಲಿ ಸಿ. ಅಶ್ವಥ್ ಕೂರಿಸಿದ ಧಾಟಿಯೇ ಅವರಿಗೆ ಪ್ರಮಾಣ. ಕಣ್ಣು ಮುಚ್ಚಿ ಪೂರ್ತಿ ಕೇಳಿದರು. “ಇನ್ನೊಮ್ಮೆ ಹಚ್ಚಪಾ” ಅಂದರು. ಇದಕ್ಕಿಂತ ದೊಡ್ಡ ವಿಮರ್ಶೆ ಉಂಟೆ?

ಶುಕ್ರವಾರದ ಮಾತು ಬಂತಲ್ಲ, ಸವದತ್ತಿ ಎಲ್ಲಮ್ಮನಿಗೂ ಮಂಗಳವಾರ, ಶುಕ್ರವಾರವೇ ವಿಶೇಷ. ಆಕೆಯ ಜೋಗತಿಯರ ಕೈಯ ಚೌಡಿಕೆಯನ್ನು ಹತ್ತಿರದಿಂದ ನೋಡಿದ್ದೀರಾ? ಒಂದು ಬದಿಗೆ ಚರ್ಮ ಬಿಗಿದ ಪುಟ್ಟ ಕೊಳವೆ, ಒಂದೇ ತಂತಿ. ಕಂಕುಳಲ್ಲಿ ಅವುಚಿಕೊಂಡು ಮೀಟಿದರೆ ತಾಳವೂ ಅದೇ, ಶ್ರುತಿಯೂ ಅದೇ. ಮಂಜಮ್ಮ ಜೋಗತಿಯವರಿಗೆ 2021ರಲ್ಲಿ ಪದ್ಮಶ್ರೀ ಬಂದಾಗ ನಮ್ಮ ಓಣಿಯಲ್ಲಿ ಎಷ್ಟು ಸಂಭ್ರಮ! ಈಗ ಅರ್ಬನ್ ಫೋಕ್ ಪ್ರಾಜೆಕ್ಟ್‌ನ ಶಿಲ್ಪಾ ಮುಡಬಿಯವರು ಎಲ್ಲಮ್ಮನ ಪದಗಳನ್ನು ನಗರದ ವೇದಿಕೆಗೂ ತಂದಿದ್ದಾರೆ. ಒಮ್ಮೆ ಕೇಳಿ. ಎದೆ ತುಂಬುತ್ತದೆ.

ಜೋಗತಿಯರು ಮನೆ ಬಾಗಿಲಿಗೆ ಬಂದು ಹಾಡುತ್ತಾರೆ, ಕೇಳಿದವರು ಪಡಲಿಗೆಗೆ ಹಿಡಿ ಜೋಳ ಹಾಕುತ್ತಾರೆ. ಕೇಳಿ ಸುಮ್ಮನೆ ಬಾಗಿಲು ಹಾಕಿಕೊಳ್ಳುವುದು ಮರ್ಯಾದೆಯಲ್ಲ. ಇಂಟರ್‌ನೆಟ್‌ನಲ್ಲೂ ಅಂಥದೊಂದು ಪಡಲಿಗೆ ಇದೆ. ಕೋವಿಡ್‌ನಿಂದ ಸಂಗೀತ ಕಛೇರಿಗಳೆಲ್ಲ ನಿಂತಾಗ, 2020ರ ಮಾರ್ಚ್ 20ರಂದು, ಬ್ಯಾಂಡ್‌ಕ್ಯಾಂಪ್ ಎಂಬ ಹಾಡು ಮಾರುವ ತಾಣ ಮಾರಾಟದಲ್ಲಿ ತನ್ನ ಪಾಲನ್ನು ಕಲಾವಿದರಿಗೇ ಬಿಟ್ಟುಕೊಟ್ಟಿತು. ಅದೂ ಶುಕ್ರವಾರವೇ! ಆಮೇಲೂ ಆಗಾಗ ಅಂಥ ಶುಕ್ರವಾರಗಳು ಬಂದವು.

ದುಡ್ಡಾಯಿತು. ಕಿವಿ? ಗ್ರೂಪಿಗೆ ಲಿಂಕ್ ಎಸೆದರೆ ಹಾಡು ಹಂಚಿದಂತೆ ಎಂದು ನನಗಂತೂ ಅನ್ನಿಸುವುದಿಲ್ಲ. ಎಲ್ಲರಿಗೂ ಕಳಿಸಿದ್ದನ್ನು ಯಾರು ಕೇಳುತ್ತಾರೆ, ಹೇಳಿ? ಒಬ್ಬರನ್ನೇ ಆರಿಸಿ, ಅವರ ಸ್ವಭಾವ ನೋಡಿ, “ನಡುವೆ ಚೌಡಿಕೆ ಒಂದೇ ಉಳಿಯುತ್ತೆ, ಅಲ್ಲಿವರೆಗೆ ನಿಲ್ಲಿಸಬೇಡಿ” ಎಂದು ಎರಡು ಮಾತು ಸೇರಿಸಿ ಕಳಿಸಬೇಕು. ಆಗ ಅವರು ಆ ಜಾಗಕ್ಕಾಗಿ ಕಾಯುತ್ತಾರೆ. ಕಾದು ಕೇಳಿದ ಹಾಡನ್ನು ಇನ್ನೊಬ್ಬರಿಗೆ ದಾಟಿಸದೆ ಇರುವುದಿಲ್ಲ. ಜನಪದ ಇಷ್ಟು ಕಾಲ ಬದುಕಿದ್ದೇ ಹಾಗಲ್ಲವೆ?

ಮಾವನಿಗೆ ಈ ಸಲ ಸ್ವರಾತ್ಮ ತಂಡವನ್ನು ಕೇಳಿಸಬೇಕು. ಅವರ ಮೊದಲ ಆಲ್ಬಮ್ 2009ರದು, ಹಳೆಯದಾಯಿತಲ್ಲ ಅಂತೀರಾ? ಮಾವ ಇನ್ನೂ ಕೇಳಿಲ್ಲ, ಅವರ ಮಟ್ಟಿಗೆ ಅದು ಬರುವ ಶುಕ್ರವಾರ ಬಿಡುಗಡೆ.